ಪೋರ್ಟ್‌ಫೋಲಿಯೊ ಸಾಫ್ಟ್‌ವೇರಿನ ಕಸ್ಟಮ್ ಫೀಲ್ಡುಗಳನ್ನು ಎಸ್‌ಕ್ಯೂಎಲ್‌ನಲ್ಲಿ ಹದಕ್ಕೆ ತಂದ ಲಾಗ್

ಮುಂಬೈ ಫೋರ್ಟಿನಲ್ಲಿ ನಮ್ಮದು ಸಣ್ಣ ಆಫೀಸು, ಕೆಲವು ಕುಟುಂಬಗಳ ಷೇರು, ಮ್ಯೂಚುವಲ್ ಫಂಡ್, ಗೋಲ್ಡ್ ಬಾಂಡ್ ಲೆಕ್ಕ ಇಡುವ ಕೆಲಸ. ಸಾಫ್ಟ್‌ವೇರ್ ಹಳೇದು, ಬರೆದುಕೊಟ್ಟವರು ಈಗ ಫೋನ್ ಎತ್ತುವುದಿಲ್ಲ, ಆದ್ರೆ ಡೇಟಾಬೇಸ್ ಪೋಸ್ಟ್‌ಗ್ರೆಸ್ 15, ನಮ್ಮದೇ ಮಷಿನಲ್ಲಿ ಉಂಟು, ಪಾಸ್‌ವರ್ಡೂ ನಮ್ಮ ಹತ್ರವೇ ಉಂಟು. ಐಸಿನ್ (ಪ್ರತಿ ಷೇರು, ಬಾಂಡಿನ ಗುರುತಿನ ನಂಬರ್), ಸಂಖ್ಯೆ, ರೇಟು, ತಾರೀಕು ಇದಕ್ಕೆಲ್ಲ ಅದರಲ್ಲಿ ಸರಿಯಾದ ಕಾಲಮ್ ಉಂಟು. ಉಳಿದದ್ದು, ಅಂದ್ರೆ ಕಂಪನಿ ಗಾತ್ರದಲ್ಲಿ ಲಾರ್ಜ್ ಕ್ಯಾಪೋ ಮಿಡ್ ಕ್ಯಾಪೋ, 2018ರ ಜನವರಿ 31ರ ರೇಟು ಎಷ್ಟು, ಆಫೀಸಿನ ರೇಟಿಂಗ್ ಎಂತ, ನಾಮಿನಿ ಫಾರ್ಮ್ ಬಂತಾ ಇಲ್ವಾ, ಇದೆಲ್ಲ 'ಕಸ್ಟಮ್ ಫೀಲ್ಡ್' ಅಂತ ಒಂದೇ ಟೇಬಲಿಗೆ ಹೋಗ್ತದೆ. ಹೆಸರಿಗೊಂದು ಕಾಲಮ್, ವ್ಯಾಲ್ಯೂಗೊಂದು ಕಾಲಮ್, ಎರಡೂ ಟೆಕ್ಸ್ಟ್. ಯಾರು ಬೇಕಾದ್ರೂ ಯಾವ ಹೆಸರಲ್ಲಿ ಬೇಕಾದ್ರೂ ಎಂತ ಬೇಕಾದ್ರೂ ಬರೀಬಹುದು, ವರ್ಷಗಟ್ಟಲೆ ಬರ್ದಿದ್ದಾರೆ ಕೂಡ.

ಕೆಲಸ ಇಷ್ಟು: ಯಾವ ಫೀಲ್ಡ್ ಇರ್ಬಹುದು, ಅದು ಯಾವ ಟೈಪು, ಕಾಲಕ್ಕೆ ಬದಲಾಗ್ತದಾ ಇಲ್ವಾ ಅಂತ ಮೊದಲೇ ಹೇಳಿಡುವ ಡೆಫಿನಿಷನ್ ಟೇಬಲ್ ಒಂದು ಕಟ್ಟಬೇಕು, ಹಳೇ ವ್ಯಾಲ್ಯೂ ಎಲ್ಲ ಅದರ ಕೆಳಗೆ ತರಬೇಕು. ಖರ್ಚು ಅಂತ ಆದದ್ದು ಲ್ಯಾಮಿಂಗ್ಟನ್ ರೋಡಿನಿಂದ ಬ್ಯಾಕಪ್ಪಿಗೆ ತಂದ 500 ಜಿಬಿ ಎಸ್‌ಎಸ್‌ಡಿ ಒಂದಕ್ಕೆ ಮಾತ್ರ. ಪೋಸ್ಟ್‌ಗ್ರೆಸ್ಸಿಗೆ ದುಡ್ಡು ಕೊಡ್ಲಿಕ್ಕಿಲ್ಲ, ಫ್ರೀ. ಶುರು ಮಾಡುವ ಮುಂಚೆ ಪಿಜಿ_ಡಂಪ್ (ಇಡೀ ಡೇಟಾಬೇಸಿನ ಬ್ಯಾಕಪ್) ತೆಗೆದು, ಅದನ್ನು ಬೇರೆ ಹೆಸರಿನ ಡೇಟಾಬೇಸಿಗೆ ರೀಸ್ಟೋರ್ ಮಾಡಿ, ಪೂರಾ ಕೆಲಸ ಅದರ ಮೇಲೆ. ರೀಸ್ಟೋರ್ ಮಾಡಿ ನೋಡದ ಬ್ಯಾಕಪ್ಪನ್ನು ನಾನು ಬ್ಯಾಕಪ್ ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ.

ಹಂತ 1: ಇದ್ದದ್ದು ಎಂತ ಅಂತ ನೋಡಿದ್ದು

ಮೊದಲ ಕ್ವೆರಿ (ಡೇಟಾಬೇಸಿಗೆ ಕೇಳುವ ಪ್ರಶ್ನೆ) ಸುಲಭ: ಫೀಲ್ಡಿನ ಹೆಸರು, ಎಷ್ಟು ಸಲ ಬಂದಿದೆ, ಗ್ರೂಪ್ ಬೈ ಹೆಸರು, ಆರ್ಡರ್ ಬೈ ಕೌಂಟ್. ಬಂದ ಪಟ್ಟಿ ನೋಡಿ ಪಕ್ಕದ ಟೇಬಲಿನಲ್ಲಿ ಅಕೌಂಟ್ಸ್ ನೋಡುವ ಕುಂದಾಪುರದ ಅಕ್ಕ ನಗಾಡಿದ್ದೇ ನಗಾಡಿದ್ದು. ಸೆಕ್ಟರ್ ಎನ್ನುವುದೇ ಎಷ್ಟು ಬಗೆ, ದೊಡ್ಡಕ್ಷರದ್ದು, ಚಿಕ್ಕಕ್ಷರದ್ದು, ಹಿಂದೆ ಸ್ಪೇಸ್ ಇದ್ದದ್ದು, ಇಂಡಸ್ಟ್ರಿ ಅಂತ ಬರೆದದ್ದು. ಮಾರ್ಕೆಟ್ ಕ್ಯಾಪ್, ಎಂಕ್ಯಾಪ್, ಕ್ಯಾಪ್ ಟೈಪ್, ಎಲ್ಲ ಒಂದೇ.

ಎಲ್ಲ ಚಿಕ್ಕಕ್ಷರ ಮಾಡುವ ಲೋವರ್, ಅಂಚಿನ ಸ್ಪೇಸ್ ತೆಗೆಯುವ ಟ್ರಿಮ್ ಹಾಕಿದೆ, ಪಟ್ಟಿ ಚಿಕ್ಕದಾಯ್ತು, ಆದ್ರೂ ಸೆಕ್ಟರ್ ಎರಡು ಸಲ ಬರ್ತಾ ಇತ್ತು, ಕಣ್ಣಿಗೆ ಎರಡೂ ಒಂದೇ. ಇಂಗ್ಲಿಷಿನಲ್ಲಿ ಆರಕ್ಷರ ಅಲ್ವಾ, ಅಕ್ಷರ ಎಣಿಸುವ ಲೆಂತ್ ಕೇಳಿದ್ರೆ 7 ಅಂತು, ಬೈಟ್ ಎಣಿಸುವ ಆಕ್ಟೆಟ್_ಲೆಂತ್ ಕೇಳಿದ್ರೆ 8 ಅಂತು. ಅಲ್ಲಿಗೆ ಗೊತ್ತಾಯ್ತು, ಕೊನೆಯಲ್ಲಿ ಕೂತದ್ದು ಸಾದಾ ಸ್ಪೇಸ್ ಅಲ್ಲ, ವೆಬ್ ಪೇಜಿನಿಂದ ಕಾಪಿ ಮಾಡುವಾಗ ಬರುವ ನಾನ್-ಬ್ರೇಕಿಂಗ್ ಸ್ಪೇಸ್, ಯೂಟಿಎಫ್-8ರಲ್ಲಿ ಅದಕ್ಕೆ ಎರಡು ಬೈಟು. ಟ್ರಿಮ್ ಸುಮ್ಮನೆ ಕೊಟ್ರೆ ಸಾದಾ ಸ್ಪೇಸ್ ಮಾತ್ರ ತೆಗೀತದೆ, ಇದನ್ನು ಮುಟ್ಟುವುದಿಲ್ಲ. ಮೊದಲು ಕ್ಯಾರೆಕ್ಟರ್ 160ನ್ನು ಸಾದಾ ಸ್ಪೇಸಿಗೆ ರೀಪ್ಲೇಸ್ ಮಾಡಿ, ಆಮೇಲೆ ಟ್ರಿಮ್ ಮಾಡಿದ್ರೆ ಸಮ ಆಗ್ತದೆ.

ಯಾವ ಹಳೇ ಹೆಸರು ಯಾವ ಹೊಸ ಹೆಸರಿಗೆ ಅಂತ ಮ್ಯಾಪಿಂಗ್ ಟೇಬಲ್ ಒಂದನ್ನು ಕೈಯಲ್ಲೇ ತುಂಬಿಸಿದ್ದು. ಇದಕ್ಕೆ ಯಾವ ಬುದ್ಧಿವಂತ ಕ್ವೆರಿಯೂ ಬೇಡ, ಅಕ್ಕನ ಜೊತೆ ಕೂತು ಒಂದೊಂದೇ ಕೇಳುವುದು. 'ಇದು ನಂಗೆ ಬೇಕು ಮಾರಾಯ, ತೆಗೀಬೇಡ' ಅಂದದ್ದನ್ನು ಬಿಟ್ಟದ್ದು, 'ಇದು ಯಾರು ಹಾಕಿದ್ದು ಅಂತಲೇ ಗೊತ್ತಿಲ್ಲ' ಅಂದದ್ದನ್ನು ಬೇರೆ ಕಡೆ ಎತ್ತಿಟ್ಟದ್ದು.

ಹಂತ 2: ಡೆಫಿನಿಷನ್ ಟೇಬಲ್

ಕೀಗೆ ಮೂರು ತುಂಡು: ಡೊಮೇನ್, ಸ್ಕೋಪ್, ಕೋಡ್. ಡೊಮೇನ್ ಅಂದ್ರೆ ಇದು ಯಾವುದಕ್ಕೆ ಅಂಟಿಕೊಳ್ತದೆ ಅಂತ: ಇನ್‌ಸ್ಟ್ರುಮೆಂಟಿಗಾ, ಪೋರ್ಟ್‌ಫೋಲಿಯೊಗಾ, ಟ್ರಾನ್ಸಾಕ್ಷನ್ನಿಗಾ. ಸ್ಕೋಪ್ ಅಂದ್ರೆ ಯಾರ ಲೆಕ್ಕದ್ದು: ಟ್ಯಾಕ್ಸ್, ಹೌಸ್, ಕಂಪ್ಲಯನ್ಸ್. ಸ್ಕೋಪ್ ಎಂತಕ್ಕೆ ಅಂತ ಧಣಿಗಳು ಕೇಳಿದ್ರು. ಬಾಂಡಿಗೆ ಕ್ರಿಸಿಲ್ ಎನ್ನುವ ರೇಟಿಂಗ್ ಕಂಪನಿ ಕೊಟ್ಟ ರೇಟಿಂಗೂ ರೇಟಿಂಗೇ, ನಾವು ಆಫೀಸಲ್ಲಿ ಎ, ಬಿ, ಸಿ ಅಂತ ಕೊಡುವುದೂ ರೇಟಿಂಗೇ, ಸ್ಕೋಪ್ ಇಲ್ಲದಿದ್ರೆ ಎರಡೂ ಒಂದೇ ಡಬ್ಬಕ್ಕೆ ಬೀಳ್ತದೆ. ಹಳೇ ಟೇಬಲಿನಲ್ಲಿ ಬಿದ್ದೂ ಇತ್ತು.

ಉಳಿದ ಕಾಲಮ್: ತೋರಿಸುವ ಹೆಸರು, ಡೇಟಾ ಟೈಪ್, ಲೈಫ್‌ಟೈಮ್, ವಿವರಣೆ, ಇದರ ಜವಾಬ್ದಾರಿ ಯಾರದ್ದು, ಚಾಲ್ತಿಯಲ್ಲಿ ಉಂಟಾ. ಮೂರು ತುಂಡಿನ ಮೇಲೆ ಯುನಿಕ್, ಅಂದ್ರೆ ಅದೇ ಮೂರು ಒಟ್ಟಿಗೆ ಎರಡು ಸಲ ಬರಲಿಕ್ಕಿಲ್ಲ. ಕೋಡಿನ ಮೇಲೆ ಚೆಕ್ ಕನ್‌ಸ್ಟ್ರೇಂಟ್: ಚಿಕ್ಕಕ್ಷರ, ಅಂಕಿ, ಅಂಡರ್‌ಸ್ಕೋರ್ ಬಿಟ್ಟು ಬೇರೆ ಎಂತ ಬಂದ್ರೂ ಒಳಗೆ ಬಿಡುವುದಿಲ್ಲ. ತೋರಿಸುವ ಹೆಸರು ಎಷ್ಟು ಸಲ ಬೇಕಾದ್ರೂ ಬದಲಾಯಿಸ್ಲಿ, ಕೋಡ್ ಮುಟ್ಟಲಿಕ್ಕಿಲ್ಲ, ಯಾಕಂದ್ರೆ ರಿಪೋರ್ಟೆಲ್ಲ ಕೋಡನ್ನೇ ಹಿಡ್ಕೊಂಡು ಇರ್ತದೆ.

ಹಂತ 3: ಟೈಪು, ಇಲ್ಲೇ ಜಾಸ್ತಿ ಹೊತ್ತು ಹೋದದ್ದು

ವ್ಯಾಲ್ಯೂ ಟೆಕ್ಸ್ಟಲ್ಲೇ ಇರ್ಲಿ, ಓದುವಾಗ ಕಾಸ್ಟ್ ಮಾಡುವ (ಟೈಪ್ ಬದಲಾಯಿಸುವ) ಅಂತ ಮೊದಲ ಪ್ಲಾನು. ಅದು ಎಷ್ಟು ಡೇಂಜರ್ ಅಂತ ಹಳೇ ಟ್ಯಾಕ್ಸ್ ರಿಪೋರ್ಟಿನ ಕ್ವೆರಿ ಬಿಚ್ಚಿದಾಗ ಗೊತ್ತಾದದ್ದು.

2018ರ ಫೆಬ್ರವರಿ 1ಕ್ಕಿಂತ ಮುಂಚೆ ತಗೊಂಡ ಲಿಸ್ಟೆಡ್ ಷೇರಿಗೆ ಗ್ರಾಂಡ್‌ಫಾದರಿಂಗ್ ಉಂಟಲ್ಲ, ಅಂದ್ರೆ ಆವರೆಗೆ ಏರಿದ ಲಾಭಕ್ಕೆ ಟ್ಯಾಕ್ಸ್ ಬೀಳದ ಹಾಗೆ ಕೊಟ್ಟ ರಿಯಾಯಿತಿ. ಜನವರಿ 31ರಂದು ಎಕ್ಸ್‌ಚೇಂಜಲ್ಲಿ ಬಂದ ಅತಿ ಹೆಚ್ಚಿನ ರೇಟೇ ಫೇರ್ ಮಾರ್ಕೆಟ್ ವ್ಯಾಲ್ಯೂ, ಅಂದ್ರೆ ಎಫ್‌ಎಂವಿ. ಎಫ್‌ಎಂವಿ ಮತ್ತು ಮಾರಿದ ರೇಟು ಎರಡರಲ್ಲಿ ಕಡಿಮೆದು ತೆಗೀಬೇಕು, ಅದನ್ನು ನಿಜವಾಗಿ ಕೊಂಡ ರೇಟಿನ ಜೊತೆ ಇಟ್ಟು ಹೆಚ್ಚಿನದೇ ಟ್ಯಾಕ್ಸಿಗೆ ಕೊಂಡ ಬೆಲೆ ಅಂತ ಲೆಕ್ಕ. ಎಸ್‌ಕ್ಯೂಎಲ್‌ನಲ್ಲಿ ಲೀಸ್ಟ್ ಒಂದು, ಅದರ ಹೊರಗೆ ಗ್ರೇಟೆಸ್ಟ್ ಒಂದು, ಮುಗೀತು. ಈಗ ಕೊಂಡದ್ದು 95, ಎಫ್‌ಎಂವಿ 180, ಮಾರಿದ್ದು 150 ಅಂತ ಇಟ್ಕೊಳ್ಳಿ. ಕಡಿಮೆದು 150, ಅದಕ್ಕೂ 95ಕ್ಕೂ ಹೆಚ್ಚಿನದು 150, ಲಾಭ ಸೊನ್ನೆ. ಆದ್ರೆ ಮೂರೂ ಟೆಕ್ಸ್ಟ್ ಆಗಿದ್ರೆ ಡೇಟಾಬೇಸ್ ಅಕ್ಷರ ನೋಡ್ತದೆ, 9 ದೊಡ್ಡದು 1 ಚಿಕ್ಕದು, ಹಾಗಾಗಿ 95ನ್ನೇ ಗ್ರೇಟೆಸ್ಟ್ ಅಂತ ಕೊಡ್ತದೆ. ಷೇರಿಗೆ 55 ರೂಪಾಯಿ ಇಲ್ಲದ ಲಾಭ, 2,000 ಷೇರಿದ್ರೆ 1,10,000. ಎರರ್ ಇಲ್ಲ, ವಾರ್ನಿಂಗ್ ಇಲ್ಲ. 95ರ ಜಾಗದಲ್ಲಿ 105 ಇದ್ದಿದ್ರೆ ಉತ್ತರ ಸರಿಯೇ ಬರ್ತಿತ್ತು, ಹಾಗಾಗಿ ಇಷ್ಟು ಕಾಲ ಯಾರ ಕಣ್ಣಿಗೂ ಬೀಳಲಿಲ್ಲ.

ಕಾಸ್ಟ್ ಮಾಡ್ಲಿಕ್ಕೆ ಹೋದ್ರೆ ಇನ್ನೊಂದು ರಗಳೆ, ಯಾರೋ 1,25,000 ಅಂತ ಕಾಮಾ ಹಾಕಿ ಬರ್ದಿರ್ತಾರೆ, ಇನ್ನೊಬ್ರು ಎನ್‌ಎ ಅಂತ ಬರ್ದಿರ್ತಾರೆ, ಆ ಒಂದು ಸಾಲಿಗೆ ಇಡೀ ಕ್ವೆರಿ ನಿಲ್ತದೆ. ತಾರೀಕು ಅಂತೂ 03-04-2023 ಅಂತ ಇದ್ರೆ ಏಪ್ರಿಲ್ ಮೂರಾ ಮಾರ್ಚ್ ನಾಲ್ಕಾ, ಬರ್ದವನೇ ಹೇಳ್ಬೇಕು. ಕಾಗದ ಹುಡುಕಿಯೇ ಸರಿ ಮಾಡಿದ್ದು.

ಕೊನೆಗೆ ನಿಂತ ಡಿಸೈನ್ ಹೀಗೆ. ವ್ಯಾಲ್ಯೂ ಟೇಬಲಿನಲ್ಲಿ ನಾಲ್ಕು ಕಾಲಮ್: ಟೆಕ್ಸ್ಟ್, ನ್ಯೂಮರಿಕ್, ಡೇಟ್, ಬೂಲಿಯನ್. ನಾಲ್ಕರಲ್ಲಿ ಒಂದೇ ಒಂದು ತುಂಬಿರ್ಬೇಕು ಅಂತ ನಮ್_ನಾನ್‌ನಲ್ಸ್ ಫಂಕ್ಷನ್ ಇಟ್ಟು ಚೆಕ್. ಫ್ಲೋಟ್ (ದಶಮಾಂಶವನ್ನು ಅಂದಾಜಲ್ಲಿ ಇಡುವ ಟೈಪು) ಬೇಡವೇ ಬೇಡ, ದುಡ್ಡಿನ ಲೆಕ್ಕಕ್ಕೆ ನ್ಯೂಮರಿಕ್ಕೇ ಸರಿ. ಆಮೇಲೆ ಮುಖ್ಯವಾದದ್ದು: ಡೆಫಿನಿಷನ್ ಟೇಬಲಿನಲ್ಲಿ ಐಡಿ ಮತ್ತು ಟೈಪ್ ಜೋಡಿಯ ಮೇಲೆ ಇನ್ನೊಂದು ಯುನಿಕ್ ಹಾಕಿ, ವ್ಯಾಲ್ಯೂ ಟೇಬಲಿನಲ್ಲೂ ಟೈಪ್ ಕಾಲಮ್ ಇಟ್ಟು, ಫಾರಿನ್ ಕೀಯನ್ನು (ಇನ್ನೊಂದು ಟೇಬಲಿನಲ್ಲಿ ಇದ್ದದ್ದನ್ನೇ ಬರೀಬೇಕು ಎನ್ನುವ ಕಟ್ಟು) ಆ ಜೋಡಿಗೇ ಕಟ್ಟಿದ್ದು. ಟೈಪ್ ನ್ಯೂಮರಿಕ್ ಆದ್ರೆ ನ್ಯೂಮರಿಕ್ ಕಾಲಮೇ ತುಂಬಿರ್ಬೇಕು ಅಂತ ಮತ್ತೊಂದು ಚೆಕ್. ನೋಡ್ಲಿಕ್ಕೆ ಡಬಲ್ ಕೆಲಸ ಅನಿಸ್ತದೆ, ಆದ್ರೆ ಟ್ರಿಗರ್ (ತಾನಾಗಿ ಓಡುವ ಸ್ಕ್ರಿಪ್ಟು) ಒಂದೂ ಬರೀದೆ ಡೇಟಾಬೇಸೇ ಕಾವಲು ಕಾಯ್ತದೆ. ವ್ಯಾಲ್ಯೂ ನೇತಾಡ್ತಾ ಇರುವ ಡೆಫಿನಿಷನ್ನಿನ ಟೈಪನ್ನು ಯಾರಾದ್ರೂ ಬದಲಾಯಿಸ್ಲಿಕ್ಕೆ ಹೋದ್ರೆ ಅಲ್ಲೇ ನಿಲ್ಲಿಸ್ತದೆ, ಅದೇ ನಮಗೆ ಬೇಕಾದದ್ದು.

ಹಂತ 4: ಕಾಲ

ಎಫ್‌ಎಂವಿಯಂಥದ್ದು ಒಮ್ಮೆ ಬರೆದ್ರೆ ಮುಗೀತು. ಲಾರ್ಜ್, ಮಿಡ್, ಸ್ಮಾಲ್ ಹಾಗಲ್ಲ. 2017ರ ಅಕ್ಟೋಬರ್ 6ರ ಸೆಬಿ (ಷೇರುಪೇಟೆಯ ನಿಯಂತ್ರಕ) ಸರ್ಕ್ಯುಲರ್ ಪ್ರಕಾರ ಮಾರ್ಕೆಟ್ ಕ್ಯಾಪಿನಲ್ಲಿ ಮೊದಲ 100 ಕಂಪನಿ ಲಾರ್ಜ್, 101ರಿಂದ 250 ಮಿಡ್, 251ರಿಂದ ಕೆಳಗೆ ಸ್ಮಾಲ್, ಆರು ತಿಂಗಳ ಸರಾಸರಿ ಮೇಲೆ ಆಂಫಿ (ಮ್ಯೂಚುವಲ್ ಫಂಡ್ ಕಂಪನಿಗಳ ಸಂಘ) ವರ್ಷಕ್ಕೆ ಎರಡು ಸಲ ಪಟ್ಟಿ ಹಾಕ್ತದೆ. ಹಳೇ ಟೇಬಲಿನಲ್ಲಿ ಹೊಸ ಪಟ್ಟಿ ಬಂದ ಕೂಡ್ಲೇ ಹಳೇದರ ಮೇಲೆ ಬರೀತಾ ಇದ್ರು. ಹಾಗಾಗಿ ಕಳೆದ ಮಾರ್ಚಿನ ರಿಪೋರ್ಟು ಇವತ್ತು ತೆಗೆದ್ರೆ ಕಂಪನಿ ಇವತ್ತಿನ ಗುಂಪಲ್ಲಿ ಕಾಣ್ತದೆ, ಕ್ಲೈಂಟಿಗೆ ಆವಾಗ ಕಳಿಸಿದ ಪಿಡಿಎಫ್ಫಿಗೂ ಇದಕ್ಕೂ ತಾಳೆ ಇಲ್ಲ.

ಡೆಫಿನಿಷನ್ನಿನಲ್ಲಿ ಲೈಫ್‌ಟೈಮ್ ಕಾಲಮ್ ಇಟ್ಟದ್ದು ಇದಕ್ಕೇ, ಒಂದು ಶಾಶ್ವತ, ಇನ್ನೊಂದು ಕಾಲಕ್ಕೆ ತಕ್ಕ ಹಾಗೆ ಬದಲಾಗುವುದು. ವ್ಯಾಲ್ಯೂ ಟೇಬಲಿಗೆ ಡೇಟ್‌ರೇಂಜ್ ಕಾಲಮ್, ಇಂಥ ದಿನದಿಂದ ಇಂಥ ದಿನದ ತನಕ ಅಂತ. ಒಂದೇ ಪ್ರಾಪರ್ಟಿ (ಅಂದ್ರೆ ಫೀಲ್ಡ್), ಒಂದೇ ಷೇರು, ಅವಧಿ ಒಂದರ ಮೇಲೊಂದು ಬೀಳಬಾರದು ಅಂತ ಜಿಸ್ಟ್ ಇಂಡೆಕ್ಸಿನ ಎಕ್ಸ್‌ಕ್ಲೂಡ್ ಕನ್‌ಸ್ಟ್ರೇಂಟ್. ಮೊದಲು ಓಡಿಸಿದಾಗ ಇಂಟಿಜರಿಗೆ ಆಪರೇಟರ್ ಕ್ಲಾಸ್ ಇಲ್ಲ ಅಂತ ಎರರ್ ಬಂತು, ಬಿಟ್ರೀ_ಜಿಸ್ಟ್ ಎಕ್ಸ್‌ಟೆನ್ಶನ್ ಹಾಕಿದ ಮೇಲೆ ಹೋಯ್ತು. ಪೋಸ್ಟ್‌ಗ್ರೆಸ್ 18 ಇದ್ದವರಿಗೆ ವಿದೌಟ್ ಓವರ್‌ಲ್ಯಾಪ್ಸ್ ಅಂತ ನೇರವಾಗಿ ಬರೀಲಿಕ್ಕೆ ಆಗ್ತದೆ, ನಮ್ಮ 15ರಲ್ಲಿ ಅದಿಲ್ಲ. ಶಾಶ್ವತದ್ದಕ್ಕೆ ಎರಡೂ ಕಡೆ ತೆರೆದ ರೇಂಜೇ ಇರ್ಬೇಕು ಅಂತ ಚೆಕ್ ಹಾಕಿದೆ, ಎಕ್ಸ್‌ಕ್ಲೂಡ್ ಇರುವುದರಿಂದ ಎರಡನೇ ಸಾಲು ತಾನಾಗಿ ಬರುವುದಿಲ್ಲ.

ಹೊಸ ಪಟ್ಟಿ ಫೆಬ್ರವರಿ 1 ಮತ್ತು ಆಗಸ್ಟ್ 1ರಿಂದ ಲೆಕ್ಕ ಅಂತ ಆಫೀಸಲ್ಲಿ ಮಾಡ್ಕೊಂಡದ್ದು. ಫೆಬ್ರವರಿ 1ರಿಂದ ಜುಲೈ 31ರ ತನಕ ಅಂತ ಹಾಕಿದ್ರೆ ಪೋಸ್ಟ್‌ಗ್ರೆಸ್ ಅದನ್ನು ಆಗಸ್ಟ್ 1ರ ತನಕ ಅಂತ ತೋರಿಸ್ತದೆ, ಕೊನೇ ದಿನ ಸೇರಿಲ್ಲ ಎನ್ನುವ ಅರ್ಥದ ದುಂಡು ಬ್ರಾಕೆಟ್ ಜೊತೆ. ಲೆಕ್ಕ ಸರಿಯೇ, ಆದ್ರೆ ಅಕ್ಕ ಒಪ್ಪಲಿಲ್ಲ. 'ಒಂದು ದಿನ ಜಾಸ್ತಿ ಬಂದಿದೆ ನೋಡು' ಅಂತ. ಪರದೆ ಮೇಲೆ ತೋರಿಸುವ ವ್ಯೂನಲ್ಲಿ (ಹೆಸರು ಕೊಟ್ಟು ಉಳಿಸಿಟ್ಟ ಕ್ವೆರಿ) ಕೊನೇ ತಾರೀಕಿಂದ ಒಂದು ದಿನ ಕಳೆದು ಕೊಟ್ಟೆ.

ಹಂತ 5: ಫೈಲಿಂದ ತುಂಬಿಸಿದ್ದು

ಡೆಫಿನಿಷನ್ನುಗಳ ಪಟ್ಟಿ ಸಿಎಸ್‌ವಿಯಲ್ಲಿ, ಅದು ಸ್ಟೇಜಿಂಗ್ (ತಾತ್ಕಾಲಿಕ) ಟೇಬಲಿಗೆ, ಅಲ್ಲಿಂದ ಇನ್ಸರ್ಟ್, ಮೂರು ತುಂಡಿನ ಕೀ ಮೊದಲೇ ಇದ್ರೆ ಆನ್ ಕಾನ್‌ಫ್ಲಿಕ್ಟ್ ಡು ಅಪ್‌ಡೇಟ್, ಅಂದ್ರೆ ಹೊಸ ಸಾಲು ಬೇಡ, ಇದ್ದದ್ದನ್ನೇ ತಿದ್ದು ಅಂತ. ಅಪ್‌ಡೇಟಿನಲ್ಲಿ ತೋರಿಸುವ ಹೆಸರು ಮತ್ತು ವಿವರಣೆ ಮಾತ್ರ, ಟೈಪು ಲೈಫ್‌ಟೈಮ್ ಎರಡನ್ನೂ ಬೇಕಂತಲೇ ಬಿಟ್ಟದ್ದು. ಒಂದೇ ಸಾಲಿಗೆ ಎರಡನೇ ಸಲ ಅಪ್‌ಡೇಟ್ ಆಗ್ಲಿಕ್ಕಿಲ್ಲ ಅಂತ ಎರರ್ ಬಂದ್ರೆ ಹೆದರ್ಬೇಡಿ, ಸಿಎಸ್‌ವಿಯಲ್ಲೇ ಒಂದು ಕೀ ಎರಡು ಸಲ ಉಂಟು ಅಂತ ಅರ್ಥ. ಡಿಸ್ಟಿಂಕ್ಟ್ ಆನ್ ಹಾಕಿ ಮುಚ್ಚಬಹುದು, ಆದ್ರೆ ಯಾವುದು ಸರಿ ಅಂತ ನೋಡಿಯೇ ತೆಗೆಯುವುದು ಒಳ್ಳೇದು. ಇನ್ನೊಂದು, ಆನ್ ಕಾನ್‌ಫ್ಲಿಕ್ಟಲ್ಲಿ ಇನ್ಸರ್ಟ್ ಆಗದಿದ್ರೂ ಐಡಿ ಕೊಡುವ ಸೀಕ್ವೆನ್ಸಿನ ನಂಬರ್ ಖರ್ಚಾಗ್ತದೆ, ಐಡಿ 41ರ ನಂತರ 83 ಕಂಡು ಆಡಿಟರು ನಡುವಿಂದ ಯಾರು ಅಳಿಸಿದ್ದು ಅಂತ ಕೇಳ್ಬಹುದು. ಯಾರೂ ಅಳಿಸಿರುವುದಿಲ್ಲ.

ವ್ಯಾಲ್ಯೂಗೆ ಈ ಉಪಾಯ ನಡೆಯುವುದಿಲ್ಲ, ಎಕ್ಸ್‌ಕ್ಲೂಡ್ ಕನ್‌ಸ್ಟ್ರೇಂಟಿನ ಮೇಲೆ ಡು ಅಪ್‌ಡೇಟ್ ಪೋಸ್ಟ್‌ಗ್ರೆಸ್ ಕೊಡುವುದಿಲ್ಲ. ಒಂದೇ ಡೇಟಾಬೇಸ್ ಟ್ರಾನ್ಸಾಕ್ಷನ್ನಲ್ಲಿ (ಆದ್ರೆ ಎಲ್ಲ ಆಗ್ಬೇಕು, ಇಲ್ಲದಿದ್ರೆ ಒಂದೂ ಇಲ್ಲ) ಮೊದಲು ಹಳೇ ಸಾಲಿನ ಅವಧಿಯನ್ನು ಹೊಸ ತಾರೀಕಿಗೆ ಮುಚ್ಚುವುದು, ಆಮೇಲೆ ಹೊಸ ಸಾಲು ಹಾಕುವುದು, ಇದೇ ಕ್ರಮ. ಗುಂಪು ಬದಲಾದ ಕಂಪನಿಗೆ ಮಾತ್ರ ಮಾಡ್ಬೇಕು, ಇಲ್ಲದಿದ್ರೆ ಪ್ರತಿ ಆರು ತಿಂಗಳಿಗೆ ಎಲ್ಲ ಕಂಪನಿಗೂ ಸಾಲು ಬೆಳೀತದೆ. ಹಳೇ ಗುಂಪು ಹೊಸ ಗುಂಪಿಗೆ ಸಮ ಅಲ್ಲ ಅಂತ ಸಾದಾ ಚಿಹ್ನೆ ಹಾಕಿ ನೋಡಿದ್ರೆ ಹೊಸದಾಗಿ ಲಿಸ್ಟ್ ಆದ ಕಂಪನಿ ಒಂದೂ ಬರಲಿಲ್ಲ. ಅವಕ್ಕೆ ಹಳೇ ಗುಂಪೇ ಇಲ್ಲ, ಅಂದ್ರೆ ನಲ್ (ಖಾಲಿ), ನಲ್ಲಿನ ಜೊತೆ ಹೋಲಿಸಿದ್ರೆ ಉತ್ತರವೂ ನಲ್ಲೇ. ಈಸ್ ಡಿಸ್ಟಿಂಕ್ಟ್ ಫ್ರಮ್ ಅಂತ ಬರ್ದ ಮೇಲೆ ಬಂದ್ವು.

ಹಂತ 6: ಐಸಿನ್ನಿಗೆ ಕಟ್ಟಿಹಾಕ್ಬೇಡಿ

ಪ್ರಾಪರ್ಟಿ ಎಲ್ಲ ಹಳೇ ಟೇಬಲಿನಲ್ಲಿ ಐಸಿನ್ನಿಗೆ ಅಂಟಿಕೊಂಡಿತ್ತು. ನಮ್ಮಲ್ಲಿ ಫೇಸ್ ವ್ಯಾಲ್ಯೂ ಸ್ಪ್ಲಿಟ್ ಆದಾಗ, ಅಂದ್ರೆ ಒಂದು ಷೇರನ್ನು ಒಡೆದು ಹೆಚ್ಚು ಮಾಡಿದಾಗ, ಐಸಿನ್ನೇ ಬದಲಾಗ್ತದೆ. ಎಚ್‌ಡಿಎಫ್‌ಸಿ ಬ್ಯಾಂಕ್ 2019ರ ಸೆಪ್ಟೆಂಬರಲ್ಲಿ 2 ರೂಪಾಯಿಯ ಷೇರನ್ನು 1 ರೂಪಾಯಿಗೆ ಮಾಡಿದಾಗ ಐಎನ್‌ಇ040ಎ01026 ಹೋಗಿ ಐಎನ್‌ಇ040ಎ01034 ಬಂತು. ಹಿಂದಿನ ನಂಬರಿಗೆ ಅಂಟಿದ ಎಫ್‌ಎಂವಿ ಅಲ್ಲೇ ಅನಾಥ. ಈಗ ಇನ್‌ಸ್ಟ್ರುಮೆಂಟಿಗೆ ನಮ್ಮದೇ ಒಂದು ಐಡಿ, ವ್ಯಾಲ್ಯೂ ಎಲ್ಲ ಅದಕ್ಕೆ, ಐಸಿನ್ ಅದರ ಮೇಲೆ ಕಾಲಕ್ಕೆ ಬದಲಾಗುವ ಇನ್ನೊಂದು ಪ್ರಾಪರ್ಟಿ ಅಷ್ಟೇ.

ಅನಾಥ ಎಫ್‌ಎಂವಿಯನ್ನು ಹೊಸ ಐಡಿಗೆ ಎಳೆದು ತಂದ್ರೆ ಅದೂ ಸಾಕಾಗುವುದಿಲ್ಲ, ಸ್ಪ್ಲಿಟ್ ಆದ ಷೇರಿಗೆ ಎಫ್‌ಎಂವಿಯೂ ಅರ್ಧ ಆಗ್ಬೇಕಲ್ಲ. ನಾನು ಮೂಲ ಎಫ್‌ಎಂವಿ ಹಾಗೇ ಶಾಶ್ವತ ಅಂತ ಇಟ್ಟು, ಸ್ಪ್ಲಿಟ್ ಫ್ಯಾಕ್ಟರನ್ನು ಕಾರ್ಪೊರೇಟ್ ಆ್ಯಕ್ಷನ್ (ಸ್ಪ್ಲಿಟ್, ಬೋನಸ್ ಬರೆದಿಡುವ) ಟೇಬಲಿನಿಂದ ತಂದು ಕ್ವೆರಿಯಲ್ಲಿ ಭಾಗಿಸ್ತೇನೆ. ಬೋನಸ್ಸಿಗೆ ಮಾತ್ರ ಭಾಗಿಸ್ಬಾರದು. 2018ರ ಜನವರಿ 31ರ ನಂತರ ಬಂದ ಬೋನಸ್ ಷೇರಿಗೆ ಕೊಂಡ ಬೆಲೆ ಸೊನ್ನೆ, ಮೂಲ ಷೇರಿಗೆ ಅದರ ಎಫ್‌ಎಂವಿ ಪೂರ್ತಿ ಉಳೀತದೆ. ಸ್ಪ್ಲಿಟ್ ಬೋನಸ್ ಎರಡನ್ನೂ ಒಂದೇ ಫ್ಯಾಕ್ಟರಲ್ಲಿ ಸೇರಿಸಿಟ್ಟವರು ಒಮ್ಮೆ ತೆರೆದು ನೋಡಿ.

ಹಂತ 7: ರಿಪೋರ್ಟಿಗೆ ಅಡ್ಡ ಮಲಗಿಸಿದ್ದು

ಧಣಿಗಳಿಗೆ ಬೇಕಾದದ್ದು ಎಕ್ಸೆಲ್ ಥರ, ಷೇರಿಗೊಂದು ಸಾಲು, ಪ್ರಾಪರ್ಟಿಗೊಂದು ಕಾಲಮ್. ಟೇಬಲ್‌ಫಂಕ್ ಎಕ್ಸ್‌ಟೆನ್ಶನ್ನಿನ ಕ್ರಾಸ್‌ಟ್ಯಾಬ್ ಹಾಕಿದೆ. ಚಂದ ಬಂತು ಅಂತ ಖುಷಿಯಲ್ಲಿದ್ರೆ ಕೆಲವು ಷೇರಿಗೆ ಹೌಸ್ ರೇಟಿಂಗ್ ಕಾಲಮಲ್ಲಿ ಫಾರ್ಮಾ ಅಂತ ಬಂದಿತ್ತು. ಒಂದೇ ಕ್ವೆರಿ ಕೊಡುವ ಕ್ರಾಸ್‌ಟ್ಯಾಬ್ ಇದ್ದ ವ್ಯಾಲ್ಯೂಗಳನ್ನು ಎಡದಿಂದ ತುಂಬಿಸ್ತಾ ಹೋಗ್ತದೆ, ನಡುವೆ ಒಂದು ಇಲ್ಲದಿದ್ರೆ ಮುಂದಿನದು ಬಸ್ಸಿನ ಖಾಲಿ ಸೀಟಿಗೆ ಜಾರಿ ಕೂತ ಹಾಗೆ ಕೂತ್ಕೊಳ್ತದೆ. ಎರಡನೇ ಕ್ವೆರಿಯಲ್ಲಿ ಕಾಲಮ್ ಪಟ್ಟಿ ಕೊಟ್ರೆ ಇದು ಆಗುವುದಿಲ್ಲ. ನಾನು ಅದನ್ನೇ ಬಿಟ್ಟು ಮ್ಯಾಕ್ಸ್ ಜೊತೆ ಫಿಲ್ಟರ್ ವೇರ್ ಕೋಡ್ ಇಂಥದ್ದು ಅಂತ ಪ್ರತಿ ಕಾಲಮಿಗೆ ಒಂದು ಸಾಲು ಬರ್ದೆ. ಉದ್ದ ಆಗ್ತದೆ ನಿಜ, ಆದ್ರೆ ಓದಿದ ಕೂಡ್ಲೇ ಎಂತ ಅಂತ ಗೊತ್ತಾಗ್ತದೆ. ಅವಧಿಗೆ ಈ ತಾರೀಕು ಒಳಗೆ ಉಂಟಾ ಅಂತ ಕೇಳುವ ಆಪರೇಟರ್ ಒಂದು ಸೇರಿಸಿದ್ರೆ 2024ರ ಮಾರ್ಚ್ 31ಕ್ಕೆ ಹೇಗಿತ್ತೋ ಹಾಗೇ ಬರ್ತದೆ.

ಕೈಯಲ್ಲಿ ಬರೆಯುವುದು ಬೇಜಾರು ಅಂತ ಆಮೇಲೆ ಡೆಫಿನಿಷನ್ ಟೇಬಲಿನಿಂದಲೇ ಆ ಸಾಲುಗಳನ್ನು ಫಾರ್ಮ್ಯಾಟ್ ಫಂಕ್ಷನ್ ಇಟ್ಟು ಹುಟ್ಟಿಸಿ ಪಿಎಸ್‌ಕ್ಯೂಎಲ್‌ನ ಜಿಎಕ್ಸೆಕ್ಕಿಗೆ ಕೊಟ್ಟೆ, ಹಾಗೆ ಹುಟ್ಟಿದ ಸಾಲನ್ನು ಅದೇ ಓಡಿಸ್ತದೆ. ಡೆಫಿನಿಷನ್ ಸೇರಿಸಿ ಓಡಿಸಿದ್ರೆ ವ್ಯೂ ತಾನಾಗಿ ಬೆಳೀಬೇಕು ಅಂತ ಲೆಕ್ಕ, ಆದ್ರೆ ಹೊಸ ಕಾಲಮ್ ಕೊನೆಯಲ್ಲಿ ಬಂದ್ರೆ ಮಾತ್ರ ಕ್ರಿಯೇಟ್ ಆರ್ ರೀಪ್ಲೇಸ್ ಒಪ್ತದೆ, ಅಕ್ಷರಮಾಲೆ ಕ್ರಮದಲ್ಲಿ ನಡುವೆ ಬಂದ್ರೆ ಕಾಲಮ್ ಹೆಸರು ಬದಲಾಯಿಸ್ಲಿಕ್ಕಾಗುವುದಿಲ್ಲ ಅಂತ ಬೈತದೆ. ಡ್ರಾಪ್ ಮಾಡಿ ಮತ್ತೆ ಕ್ರಿಯೇಟ್, ಎರಡೂ ಒಂದೇ ಟ್ರಾನ್ಸಾಕ್ಷನ್ನಲ್ಲಿ. ಡ್ರಾಪ್ ಆದಾಗ ಆ ವ್ಯೂಗೆ ಕೊಟ್ಟ ಗ್ರಾಂಟೂ (ಯಾರು ನೋಡಬಹುದು ಎನ್ನುವ ಹಕ್ಕು) ಹೋಗ್ತದೆ, ಮತ್ತೆ ಕೊಡುವ ಸಾಲು ಸ್ಕ್ರಿಪ್ಟಿನಲ್ಲೇ ಇರ್ಲಿ.

ಹಂತ 8: ಬೀಗ

ಡೆಫಿನಿಷನ್ ಟೇಬಲಿಗೆ ಇನ್ಸರ್ಟ್, ಅಪ್‌ಡೇಟ್ ಹಕ್ಕು ಒಂದೇ ರೋಲಿಗೆ (ಡೇಟಾಬೇಸಿನ ಲಾಗಿನ್). ಉಳಿದವರಿಗೆ ವ್ಯಾಲ್ಯೂ ತುಂಬಿಸುವ ಹಕ್ಕು ಮಾತ್ರ. ಡಿಲೀಟ್ ಯಾರಿಗೂ ಇಲ್ಲ, ಬೇಡದ್ದನ್ನು ಚಾಲ್ತಿಯಲ್ಲಿ ಇಲ್ಲ ಅಂತ ಗುರುತು ಹಾಕುವುದು. ವ್ಯಾಲ್ಯೂ ಒಂದೂ ಇಲ್ಲದ ಡೆಫಿನಿಷನ್ ಯಾವುದು ಅಂತ ಲೆಫ್ಟ್ ಜಾಯಿನ್ ಹಾಕಿ ಹುಡುಕಿದ್ರೆ ಸುಮಾರು ಬಂತು, ಅದರಲ್ಲಿ ಒಂದನ್ನು ಅಕ್ಕ ಹಿಡ್ಕೊಂಡ್ರು, ಮಾರ್ಚಿನಲ್ಲಿ ಆಡಿಟಿಗೆ ಮಾತ್ರ ತುಂಬಿಸುವುದಂತೆ.

ಶುರುವಿಗೆ ಎಲ್ಲರೂ ಗೊಣಗಿದ್ರು, ಮುಂಚೆ ಎರಡು ಕ್ಲಿಕ್ಕಲ್ಲಿ ಫೀಲ್ಡ್ ಆಗ್ತಿತ್ತು ಈಗ ನಿನ್ನ ಹತ್ರ ಬಂದು ಕೇಳ್ಬೇಕಾ ಅಂತ. ಹೌದು, ಕೇಳ್ಬೇಕು. ಹೆಸರು, ಟೈಪು, ಬದಲಾಗ್ತದಾ ಇಲ್ವಾ, ಯಾರ ಜವಾಬ್ದಾರಿ, ಈ ನಾಲ್ಕು ಹೇಳಿದ್ರೆ ಚಾ ಕುಡಿಯುವುದರ ಒಳಗೆ ಮಾಡಿಕೊಡ್ತೇನೆ. ನಾಲ್ಕು ಹೇಳ್ಲಿಕ್ಕೆ ಆಗದ ಫೀಲ್ಡು ಬೇಡದ ಫೀಲ್ಡೇ ಅಂತ ನನ್ನ ಅಭಿಪ್ರಾಯ, ಆಫೀಸಲ್ಲಿ ಎಲ್ಲರೂ ಒಪ್ಪುವುದಿಲ್ಲ.

ಈಗ ಸಿಕ್ಕಿಬಿದ್ದದ್ದು ಲಿಸ್ಟ್ ಪ್ರಾಪರ್ಟಿಯಲ್ಲಿ. ಒಂದು ಪೋರ್ಟ್‌ಫೋಲಿಯೊಗೆ ಒಂದೇ ಹೊತ್ತಿಗೆ ಎರಡು ಬೆಂಚ್‌ಮಾರ್ಕ್ (ಲಾಭ ಹೋಲಿಸಿ ನೋಡುವ ಇಂಡೆಕ್ಸ್) ಬೇಕು, ಡಿವಿಡೆಂಡ್ ಸೇರಿಸಿ ಲೆಕ್ಕ ಹಾಕುವ ನಿಫ್ಟಿ 50 ಟಿಆರ್‌ಐ ಒಂದು, ಸಾಲಪತ್ರದ ಇಂಡೆಕ್ಸ್ ಒಂದು. ಎಕ್ಸ್‌ಕ್ಲೂಡ್ ಕನ್‌ಸ್ಟ್ರೇಂಟ್ ಎರಡನೇದನ್ನು ಬಿಡುವುದಿಲ್ಲ. ಕನ್‌ಸ್ಟ್ರೇಂಟಿಗೆ ಕ್ರಮಸಂಖ್ಯೆ ಕಾಲಮ್ ಒಂದು ಸೇರಿಸಿ, ಸಾದಾ ಪ್ರಾಪರ್ಟಿಗೆ ಅದು ಯಾವಾಗಲೂ 1, ಲಿಸ್ಟಿಗೆ 1, 2, 3 ಅಂತ ಟೆಸ್ಟ್ ಡೇಟಾಬೇಸಲ್ಲಿ ಓಡಿಸ್ತಾ ಇದ್ದೇನೆ. ಹಂತ 7ರ ಅಡ್ಡ ವ್ಯೂನಲ್ಲಿ ಎರಡನ್ನೂ ಸ್ಟ್ರಿಂಗ್_ಆ್ಯಗ್ ಹಾಕಿ ಕಾಮಾ ಕೊಟ್ಟು ಜೋಡಿಸಿದ್ರೆ ನೋಡ್ಲಿಕ್ಕೆ ಅಡ್ಡಿಯಿಲ್ಲ, ಆದ್ರೆ ಅದೇ ಕಾಲಮನ್ನು ಫಿಲ್ಟರ್ ಮಾಡ್ಲಿಕ್ಕೆ ಹೋದ್ರೆ ಮತ್ತೆ ಟೆಕ್ಸ್ಟ್ ಹುಡುಕುವ ಹಳೇ ರಗಳೆಗೇ ಬಂದು ನಿಲ್ತದೆ. ಅರೇ ಕಾಲಮ್ (ಒಂದೇ ಜಾಗದಲ್ಲಿ ಹಲವು ವ್ಯಾಲ್ಯೂ ಹಿಡಿಯುವುದು) ಇಟ್ಟು ಯಾರಾದ್ರೂ ಇದನ್ನು ಓಡಿಸಿದ್ರೆ ಹೇಳಿ, ಪ್ರೊಡಕ್ಷನ್ನಿಗೆ ಹಾಕುವ ಮುಂಚೆ ನೋಡ್ಬೇಕಿತ್ತು.